ಮನೆಯ ಚಿತ್ರ ಒಂದು, ಮನೆ ಇನ್ನೊಂದು

ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಗಿರಣಿ ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡ ನಮ್ಮ ಸಂಗಾತಿಯೊಬ್ಬರು ಈಗ ಆ ಮನೆಯನ್ನು ಮಾರಲು ಹೊರಟಿದ್ದಾರೆ. ಹೆಂಡತಿಯ ಚಿಕಿತ್ಸೆಗೆ ಮಾಡಿದ ಸಾಲವನ್ನು ತೀರಿಸಿ, ಉಳಿದುದನ್ನು ಹಿಡಿದುಕೊಂಡು ಮಗನಿರುವ ಊರಿಗೆ ಹೋಗುವುದು ಅವರ ಇರಾದೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಇಂಥ ಮನೆಗಳು ಎಷ್ಟೋ ಕೈ ಬದಲಾಗಿವೆ. ಹಿಂದೆ ಮನೆ ಮಾರುವವನು ಗೇಟಿಗೆ ಒಂದು ಹಲಗೆ ತಗುಲಿಸಿ, ಚಹಾದಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿದರೆ ಸಾಕಾಗುತ್ತಿತ್ತು. ಈಗ ಹಾಗಲ್ಲ. 2005-06ರ ಸುಮಾರಿಗೆ 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್ ಎಂಬ ಅಂತರ್ಜಾಲ ತಾಣಗಳು ಬಂದವು. ಆಮೇಲೆ ಇನ್ನೂ ಹಲವು ಬಂದವು. ಕೊಳ್ಳುವವನು ಬೀದಿಗೆ ಕಾಲಿಡುವುದಕ್ಕೆ ಮೊದಲೇ ಮೊಬೈಲಿನಲ್ಲಿ ಇಪ್ಪತ್ತು ಮನೆ ನೋಡಿ ಹತ್ತೊಂಬತ್ತನ್ನು ತಳ್ಳಿಹಾಕಿರುತ್ತಾನೆ. ಆದುದರಿಂದ ನಮ್ಮ ಸಂಗಾತಿಯೂ ದಲ್ಲಾಳಿಯೊಬ್ಬನನ್ನು ಕರೆದರು.

ದಲ್ಲಾಳಿ ಬಂದವನು ಮೊದಲು ಮಾಡಿದ ಕೆಲಸ ನ್ಯಾಯವಾದುದೇ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಸಿದ, ಮಂಚದಡಿಯ ಡಬ್ಬಗಳನ್ನು ಅಟ್ಟಕ್ಕೆ ಏರಿಸಿದ, ಕಿಟಕಿ ತೆರೆಸಿದ. ಅನಂತರದ್ದು ಬೇರೆ. ಪಡುವಣ ಗೋಡೆಯಲ್ಲಿ ಮಳೆಗಾಲದ ನೀರು ಜಿನುಗಿದ ಕಲೆ ಇತ್ತು. ಅದರ ಮೇಲೆ ಒಂದು ಕೈ ಬಣ್ಣ ಬಳಿಸಿದ. ಹತ್ತಡಿಯ ಕೋಣೆಯನ್ನು ಮದುವೆ ಛತ್ರದಂತೆ ಕಾಣುವ ಹಾಗೆ ಫೋಟೋ ಹಿಡಿದ. ಮನೆಗೆ ಹೋಗಿ ಯಂತ್ರಬುದ್ಧಿಯ ಯಾವುದೋ ಸಲಕರಣೆಯಿಂದ ಆ ಚಿತ್ರದೊಳಗೆ ಒಂದು ಸೋಫಾ, ಒಂದು ಗಾಜಿನ ಮೇಜು, ಒಂದು ಹಸಿರು ಗಿಡ ಸೇರಿಸಿದ. ಎದುರು ಮನೆಯ ತಗಡಿನ ಚಪ್ಪರ ಮಾಯವಾಗಿ ಅಲ್ಲಿ ನೀಲಿ ಆಕಾಶ ಬಂತು.

ಚಿತ್ರ ನೋಡಿ ಜನ ಬಂದರು. ಒಂದೇ ವಾರದಲ್ಲಿ ಏಳು ಸಂಸಾರ. ಬಂದವರೆಲ್ಲ ಐದು ನಿಮಿಷಕ್ಕೆ ಹೊರಟುಹೋದರು. ಹರಿಹರದಿಂದ ಬಂದ ಕಿರಾಣಿ ವ್ಯಾಪಾರಿಯೊಬ್ಬರು ಸಂತೆಯ ದಿನ ಅಂಗಡಿ ಮುಚ್ಚಿ, ಮನೆಯವರನ್ನೆಲ್ಲ ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಒಂದೇ ಮಾತು: "ಫೋಟೋದಲ್ಲಿದ್ದ ಮನೆ ಎಲ್ಲಿದೆ?" ನಮ್ಮ ಸಂಗಾತಿ ತಾವೇ ಕಳವು ಮಾಡಿದವರಂತೆ ತಲೆ ತಗ್ಗಿಸಿದರಂತೆ. ಉಳಿದವರಲ್ಲಿ ಇಬ್ಬರು ಬೆಲೆ ಕೇಳಿದರು, ಆದರೆ ಮೋಸ ಹಿಡಿದವನ ದನಿಯಲ್ಲಿ ಕೇಳಿದರು. ಹೇಳಿದ ಬೆಲೆ ಮನೆಯ ಯೋಗ್ಯತೆಗಿಂತಲೂ ಕೆಳಗಿತ್ತು. ಹೀಗೆ ಮಾರುವ ಕಾರ್ಮಿಕನಿಗೂ ನಷ್ಟ, ಕೊಳ್ಳುವ ಸಣ್ಣ ವ್ಯಾಪಾರಿಗೂ ನಷ್ಟ. ಕೊನೆಗೆ ಯಾರು ಎಷ್ಟಕ್ಕೆ ಕೊಂಡರೂ ಎರಡೂ ಕಡೆಯಿಂದ ನೂರಕ್ಕೆ ಒಂದೋ ಎರಡೋ ಎಣಿಸಿಕೊಳ್ಳುವವನಿಗೆ ಮಾತ್ರ ನಷ್ಟವಿಲ್ಲ.

ಮನೆಯನ್ನು ಅಂದಗೊಳಿಸಬಾರದು ಎಂದು ನಾನು ಹೇಳುತ್ತಿಲ್ಲ. ದನದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ರೈತ ಮೈ ತೊಳೆದು, ಕೊಂಬು ಹೆರೆದು, ಎಣ್ಣೆ ಹಚ್ಚಿಯೇ ನಿಲ್ಲಿಸುತ್ತಾನೆ. ಅದು ಮೋಸವಲ್ಲ. ಏಕೆಂದರೆ ಕೊಳ್ಳುವವನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮೊಬೈಲಿನಲ್ಲಿ ನೋಡುವವನಿಗೆ ಹಲ್ಲು ಎಣಿಸುವ ದಾರಿ ಇಲ್ಲ. ಅವನು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದ ಮೇಲೆಯೇ ಹಲ್ಲು ಕಾಣುವುದು. ತೊಳೆದು ಒರೆಸಿ ತೋರಿಸುವುದಕ್ಕೂ ಮುಚ್ಚಿ ತೋರಿಸುವುದಕ್ಕೂ ಇರುವ ಗೆರೆ ಇಲ್ಲಿಯೇ ಇದೆ.

ಆ ಕೋಣೆ ಛತ್ರವಾದುದು ಹೇಗೆಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಈಚಿನ ಬಹುಪಾಲು ಮೊಬೈಲುಗಳಲ್ಲಿ 0.5 ಅಥವಾ 0.6 ಎಂದು ತೋರಿಸುವ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸುಮಾರು 120 ಡಿಗ್ರಿ ಅಗಲವನ್ನು ಒಮ್ಮೆಗೇ ನುಂಗುವ ಮಸೂರ ತೆರೆದುಕೊಳ್ಳುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ, ದೂರದ ಗೋಡೆ ಇನ್ನೂ ದೂರ ಸರಿದು, ಹತ್ತಡಿ ಹದಿನಾರು ಅಡಿಯಂತೆ ಕಾಣುತ್ತದೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಚಿತ್ರದ ಅಂಚನ್ನು ನೋಡಿರಿ. ಅಲ್ಲಿ ದುಂಡಗಿನ ಕೊಡ ಮೊಟ್ಟೆಯಂತಾಗಿದ್ದರೆ, ಮೂಲೆಯ ಮಂಚದ ಕಾಲು ರಬ್ಬರಿನಂತೆ ಎಳೆದುಕೊಂಡಿದ್ದರೆ, ಕೋಣೆಯೂ ಅಷ್ಟೇ ಎಳೆದದ್ದೆಂದು ತಿಳಿಯಿರಿ. ಸೋಫಾದ ಕಾಲಿನಡಿ ನೆರಳಿಲ್ಲದಿದ್ದರೆ ಆ ಸೋಫಾ ನೆಲದ ಮೇಲೆ ಇಲ್ಲವೇ ಇಲ್ಲ.

ಮಾರುವವರಿಗೆ ಹೇಳಬೇಕಾದುದು ಇನ್ನೂ ಹೆಚ್ಚಿದೆ. ಮನೆಯ ಚಿತ್ರ ತೆಗೆಯಲು ದಲ್ಲಾಳಿ ಬೇಕಿಲ್ಲ. ಬೆಳಗಿನ ಹೊತ್ತು, ಕಿಟಕಿ ಬಾಗಿಲು ತೆರೆದು, ದೀಪವನ್ನೂ ಹಾಕಿ, ಮೊಬೈಲನ್ನು ಅಡ್ಡ ಹಿಡಿಯಿರಿ. ಎದೆಯ ಎತ್ತರದಲ್ಲಿ ನೇರವಾಗಿ ಹಿಡಿಯಿರಿ. ಮೇಲಕ್ಕೆತ್ತಿದರೆ ಗೋಡೆಗಳು ಬೀಳುವಂತೆ ಕಾಣುತ್ತವೆ. 1 ಎಂಬ ಗುಂಡಿಯನ್ನೇ ಒತ್ತಿ, ಒಂದು ಕೋಣೆಗೆ ಎದುರುಬದುರು ಮೂಲೆಗಳಿಂದ ಎರಡು ಚಿತ್ರ ತೆಗೆದರೆ ಪೂರ್ತಿ ಬರುತ್ತದೆ. ಕೋಣೆಯಲ್ಲಿ ಆರಡಿಯ ಮಂಚ ಒಂದಿರಲಿ, ತೆಗೆಯಬೇಡಿ. ನೋಡುವವನಿಗೆ ಅದೇ ಅಳತೆಗೋಲು. ಮೊದಲ ಚಿತ್ರ ಮನೆಯ ಮುಖದ್ದಾಗಿರಲಿ, ಏಕೆಂದರೆ ಪಟ್ಟಿಯಲ್ಲಿ ಮೊದಲು ಕಾಣುವುದು ಅದೊಂದೇ, ಅದನ್ನು ನೋಡಿಯೇ ಬೆರಳು ನಿಲ್ಲುವುದು ಇಲ್ಲವೆ ಮುಂದೆ ಸರಿಯುವುದು. ಆಮೇಲೆ ದಲ್ಲಾಳಿಗಳು ಎಂದೂ ತೋರಿಸದ ಚಿತ್ರಗಳನ್ನು ಹಾಕಿರಿ: ನೀರಿನ ತೊಟ್ಟಿ, ನಲ್ಲಿ, ಕರೆಂಟಿನ ಮೀಟರು, ಮಾಳಿಗೆ, ಪಾಯಿಖಾನೆ, ಮನೆಯ ಮುಂದಿನ ಬೀದಿ. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಒಂದು ಸಾಲು ಬರೆಯಿರಿ. ಸಂಸಾರ ಹೂಡುವ ಹೆಂಗಸು ಗಾಜಿನ ಮೇಜನ್ನು ನೋಡುವುದಿಲ್ಲ, ನೀರನ್ನು ನೋಡುತ್ತಾಳೆ.

ಜಿನುಗುವ ಗೋಡೆಯನ್ನೂ ಹಾಕಬೇಕೆ ಎಂದು ಕೇಳುವಿರಿ. ಹಾಕಬೇಕು. ಇದು ನನ್ನ ಆದರ್ಶದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುವ ಮಾತು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ಮಾರುವವನಿಗೆ ಮಾತ್ರ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ತಿಳಿಸತಕ್ಕದ್ದೆಂದು ಅಲ್ಲಿದೆ. ಬಯಲಾಗಿ ಕಾಣುತ್ತಿದ್ದ ಕಲೆಗೆ ಬಣ್ಣ ಬಳಿದಾಗ ದಲ್ಲಾಳಿ ಅದನ್ನು ಕಾಣದ ದೋಷವನ್ನಾಗಿ ಮಾಡಿದ. ನಾಳೆ ದಾವೆಯಾದರೆ ಕಟಕಟೆಗೆ ಹತ್ತುವವರು ನಮ್ಮ ಸಂಗಾತಿ, ಬಣ್ಣ ಬಳಿಸಿದವನಲ್ಲ.

2016ರ ರಿಯಲ್ ಎಸ್ಟೇಟ್ ಕಾಯಿದೆ ಬಂದಾಗ ಎಲ್ಲರೂ ಹಿಗ್ಗಿದರು. ಜಾಹೀರಾತಿನಲ್ಲಿ ಸುಳ್ಳು ಹೇಳಿದರೆ ಅದನ್ನು ನಂಬಿ ಹಣ ಕೊಟ್ಟವನಿಗೆ ಪರಿಹಾರ ಕೊಡಬೇಕೆಂದು ಅದರ 12ನೆಯ ಕಲಮಿನಲ್ಲಿದೆ. ಗೋಡೆಯ ಒಳಗೆ ಕಾಲಿಡಬಹುದಾದ ಜಾಗವೆಷ್ಟೆಂಬ ಕಾರ್ಪೆಟ್ ವಿಸ್ತೀರ್ಣದ ಲೆಕ್ಕವನ್ನೂ ಅದು ಗೊತ್ತುಪಡಿಸಿತು. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೆಲ್ಲ ಸೇರಿಸಿ 900 ಅಡಿಯನ್ನು 1170 ಎಂದು ಮಾರುತ್ತಿದ್ದ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಆ ಕಲಮು ಹಿಡಿಯುವುದು ಹೊಸದಾಗಿ ಕಟ್ಟಿ ಮಾರುವ ಬಿಲ್ಡರನನ್ನು. ಒಬ್ಬನಿಂದ ಇನ್ನೊಬ್ಬನಿಗೆ ಕೈ ಬದಲಾಗುವ ಹಳೆಯ ಮನೆಗೆ, ಅಂದರೆ ನಮ್ಮ ಜನ ಮಾರುವ, ಕೊಳ್ಳುವ ಮನೆಗೆ, ಅದರ ಅಂಕುಶವಿಲ್ಲ. ದೊಡ್ಡವರ ಅಪಾರ್ಟ್‌ಮೆಂಟಿಗೆ ಒಂದು ಕಾನೂನು, ಕಾರ್ಮಿಕನ ಎರಡು ಕೋಣೆಗೆ ದಲ್ಲಾಳಿಯ ಮನಸ್ಸಾಕ್ಷಿ!

ಬಂಡವಾಳಶಾಹಿಯ ತವರೆಂದು ನಾವು ಬಯ್ಯುವ ಅಮೆರಿಕದಲ್ಲಿಯೇ, ಕ್ಯಾಲಿಫೋರ್ನಿಯಾ ರಾಜ್ಯದವರು 2025ರಲ್ಲಿ ಒಂದು ಕಾನೂನು ಮಾಡಿದರು. ಅದು 2026ರ ಜನವರಿ 1ರಿಂದ ಜಾರಿಗೆ ಬಂತು. ಮನೆ ಮಾರುವ ದಲ್ಲಾಳಿ ಚಿತ್ರದೊಳಗೆ ಇಲ್ಲದ ಸಾಮಾನನ್ನು ಸೇರಿಸಿದರೆ ಅಥವಾ ಇರುವುದನ್ನು ಅಳಿಸಿದರೆ, ಹೀಗೆ ಮಾಡಿದೆ ಎಂದು ಅಲ್ಲಿಯೇ ಬರೆಯಬೇಕು, ತಿದ್ದದ ಮೂಲ ಚಿತ್ರವನ್ನು ನೋಡಲು ದಾರಿಯನ್ನೂ ಕೊಡಬೇಕು. ಬೆಳಕು ಹೆಚ್ಚಿಸುವುದು, ಬಣ್ಣ ಸರಿಪಡಿಸುವುದು, ಅಂಚು ಕತ್ತರಿಸುವುದು ಇವಕ್ಕೆ ತಡೆಯಿಲ್ಲ. ನಾನು ಮೇಲೆ ಹೇಳಿದ ಗೆರೆಯನ್ನೇ ಅವರು ಕಾಗದದ ಮೇಲೆ ಎಳೆದಿದ್ದಾರೆ. ನಮ್ಮ ವಿಧಾನಸಭೆ ಇದನ್ನು ಮಾಡಲು ಏನು ಅಡ್ಡಿ? ಹಳೆಯ ಮನೆಯ ಜಾಹೀರಾತಿಗೂ ಮೂಲ ಚಿತ್ರ, ಗೋಡೆಯೊಳಗಿನ ಅಳತೆ, ಖಾತೆ ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳು ಕಡ್ಡಾಯವಾಗಲಿ ಎಂದು ಪಕ್ಷ ಕೇಳಬೇಕು.

ಇನ್ನೊಂದು ವಿಷಯವಿದೆ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಫೋಟೋ ಹಿಡಿಯುವ ಮುಂಚೆ ದಲ್ಲಾಳಿ ಗೋಡೆಯ ಮೇಲಿದ್ದ ಮದುವೆಯ ಚಿತ್ರ ಇಳಿಸಿದ. ಮನೆಮಂದಿಯ ಮುಖ ಊರೆಲ್ಲ ನೋಡುವುದು ಬೇಡವೆಂದರೆ ಸರಿಯೇ, ಒಪ್ಪೋಣ. ಅದರ ಪಕ್ಕದಲ್ಲಿ ಬಾಬಾಸಾಹೇಬ ಅಂಬೇಡ್ಕರರ ಚಿತ್ರವಿತ್ತು. ಅದನ್ನೂ ಇಳಿಸಿ, "ಎಲ್ಲಾ ಥರದವರೂ ನೋಡ್ತಾರೆ, ಬೆಲೆ ಬೀಳ್ತದೆ" ಎಂದ. ದೇವರ ಗೂಡನ್ನು ಮಾತ್ರ ಹಾಗೆಯೇ ಬಿಟ್ಟ, ಅದರ ಮೇಲೊಂದು ದೀಪವನ್ನೂ ಬೆಳಗಿಸಿದ. ಮನೆ ನೋಡಲು ಫೋನು ಮಾಡಿದವರಲ್ಲಿ ಮೂವರು ಗೋಡೆಯ ದಪ್ಪ ಕೇಳುವುದಕ್ಕೆ ಮುಂಚೆ ಕೇಳಿದ್ದು "ನಿಮ್ಮದು ಯಾವ ಜನ?" ಎಂದು. ಇಟ್ಟಿಗೆಗೆ, ಸಿಮೆಂಟಿಗೆ, ಗಾರೆ ಕೆಲಸದವನ ಬೆವರಿಗೆ ಜಾತಿ ಇಲ್ಲ. ಅದೇ ಮನೆ ಚಿತ್ರವಾದೊಡನೆ ಅದಕ್ಕೆ ಜಾತಿ ಬರುತ್ತದೆ. ಈ ದೋಷವನ್ನು ಯಾವ ಕಲಮಿನಲ್ಲಿ ಹಾಕುವುದೋ ನಾನರಿಯೆ, ಆದರೆ ಆ ಚಿತ್ರವನ್ನು ಇಳಿಸಿ ತೆಗೆದ ಫೋಟೋ ಬಳಿದ ಗೋಡೆಯಷ್ಟೇ ಸುಳ್ಳು.

ಹೋದ ಭಾನುವಾರ ಸಂಘದ ಇಬ್ಬರು ಹುಡುಗರು ಒಂದು ಟೇಪು, ಒಂದು ಮೊಬೈಲು ಹಿಡಿದು ಆ ಮನೆಗೆ ಹೋದರು. ಒಂದು ತಾಸಿನ ಕೆಲಸ. ಹಳೆಯ ಜಾಹೀರಾತನ್ನು ತೆಗೆಸಿ, ಮಂಚವಿರುವ ಕೋಣೆ, ತೊಟ್ಟಿ, ಬೀದಿ, ಎದುರಿನ ತಗಡಿನ ಚಪ್ಪರ, ಪಡುವಣ ಗೋಡೆ ಎಲ್ಲದರ ಚಿತ್ರ ಹಾಕಿದರು. ಬಾಬಾಸಾಹೇಬರು ತಮ್ಮ ಜಾಗಕ್ಕೆ ಮರಳಿದರು. "ಮಳೆಗಾಲದಲ್ಲಿ ಜಿನುಗುತ್ತದೆ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಹಿಡಿಯಬಹುದು" ಎಂದು ಕೆಳಗೆ ಬರೆದರು. ಈ ಸಲ ಏಳು ಜನ ಬರಲಿಲ್ಲ, ಇಬ್ಬರೇ ಬಂದರು. ಅವರಲ್ಲೊಬ್ಬರು ಮಂಡಕ್ಕಿ ಭಟ್ಟಿಯವರು. ಗೋಡೆಗೆ ಕೈಯಿಟ್ಟು ನೋಡಿ, ಮಾಳಿಗೆ ಹತ್ತಿ ಇಳಿದು, ಒಂದು ಗಂಟೆ ಕೂತು ಚಹಾ ಕುಡಿದು ಬೆಲೆ ಮಾತಾಡಿದರು. ಪಟ್ಟಣದ ಆಸ್ತಿಯ ನೋಂದಣಿಗೆ ಈಗ ಇ-ಖಾತೆ ಬೇಕೇ ಬೇಕು; ನಮ್ಮ ಸಂಗಾತಿಯ ಹತ್ತಿರ ಇರುವುದು ಹಳೆಯ ಕೈಬರಹದ ಖಾತೆ. ಅರ್ಜಿ ಹಾಕಿದ್ದಾರೆ. ಅದು ಬರುವವರೆಗೆ ಭಟ್ಟಿಯವರು ಕಾಯುತ್ತೇನೆಂದಿದ್ದಾರೆ, ಮುಂಗಡ ಮಾತ್ರ ಇನ್ನೂ ಕೊಟ್ಟಿಲ್ಲ.