ಹಳೇ ರಿವಾಲ್ವರ್: 'ಹಾರತೈತೇನು?' ಅನ್ನೋ ಪ್ರಶ್ನೆ ಬಿಡೋಣ

ಹಳೇ ಮಿಲಿಟರಿ ರಿವಾಲ್ವರ್ ಒಂದರ ಫೋಟೋ ಗ್ರೂಪಿಗೆ ಬಂದ್ರೆ ಸಾಕು, ನಮ್ಮ ಹಾಸ್ಟೆಲ್‌ನಲ್ಲಿ ಮೊದಲು ಏಳೋ ಪ್ರಶ್ನೆ: 'ಇನ್ನೂ ಹಾರತೈತೇನಲೇ?' ಎರಡನೇದು: 'ರೇಟ್ ಎಷ್ಟಂತ?' ಅದನ್ನ ಯಾರು ಮಾಡಿದ್ರು, ಯಾವ ಉಕ್ಕು, ನಮ್ಮ ಕಡೆಗೆ ಹೆಂಗ ಬಂತು ಅಂತ ಕೇಳೋರು ಕಡಿಮೆ. ನಾವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ಈ ಪ್ರಶ್ನೆಗಳ ಸಾಲನ್ನ ತಿರುವಿ ಹಾಕಬೇಕು ಅನ್ನೋದು ನಮ್ಮ ವಾದ. ಯಾಕಂದ್ರೆ ಬಂದೂಕಿನ ವಿಷಯದಲ್ಲಿ ನಮ್ಮಷ್ಟು ಬೆಲೆ ತೆತ್ತ ಸೀಮೆಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಹತ್ತನೇ ಕ್ಲಾಸಿನಲ್ಲಿ 'ಹಲಗಲಿ ಬೇಡರು' ಲಾವಣಿಯನ್ನ ಮಾರ್ಕ್ಸಿಗಾಗಿ ಓದಿ ಮರೆತವರು ಒಮ್ಮೆ ನೆನಪಿಸಿಕೊಳ್ಳಿ. ಹಲಗಲಿ ಮುಧೋಳ ತಾಲೂಕಿನ ಊರು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಮನೆಯಲ್ಲಿರೋ ಹತಾರ ತಂದು ಒಪ್ಪಿಸಿ ಅಂದ್ರು. ಬೇಟೆಯಾಡಿ ಬದುಕುತ್ತಿದ್ದ ಬೇಡರಿಗೆ ಬಂದೂಕು ಶೋಕಿ ಅಲ್ಲ, ಅನ್ನ. ಒಪ್ಪಿಸಲಿಲ್ಲ. ಆ ವರ್ಷ ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಒಟ್ಟು 19 ಜನರನ್ನ ಗಲ್ಲಿಗೆ ಹಾಕಿದ್ರು. ಜಡಗ, ಬಾಲ, ಹನುಮ, ರಾಮ ಅನ್ನೋ ಹೆಸರುಗಳು ಉಳಿದಿರೋದು ಲಾವಣಿ ಹಾಡಿದವರಿಂದ. ಅದನ್ನ ಬರೆದಿಟ್ಟು ಅಚ್ಚು ಮಾಡಿಸಿದ ಫ್ಲೀಟ್ ಸಾಹೇಬ ಬ್ರಿಟಿಷ್ ಅಧಿಕಾರಿನೇ ಅನ್ನೋದು ಬೇರೆ ಮಾತು.

ಅದೇ ಹೊತ್ತಿಗೆ ಆ ಕಡೆಯ ಅಧಿಕಾರಿಗಳ ಸೊಂಟಕ್ಕೆ ಹೊಸ ಯಂತ್ರವೊಂದು ಬರತಾ ಇತ್ತು. 1856ರಲ್ಲಿ ಬ್ರಿಟಿಷ್ ಸೈನ್ಯ ಬ್ಯೂಮಾಂಟ್-ಆಡಮ್ಸ್ ರಿವಾಲ್ವರ್ ಒಪ್ಪಿಕೊಂಡಿತ್ತು. ಟ್ರಿಗರ್ ಎಳೆದ್ರೆ ಹ್ಯಾಮರ್ ತಾನೇ ಏರಿ ಬೀಳತಿತ್ತು, ಬೇಕಂದ್ರೆ ಹೆಬ್ಬೆರಳಿಂದಲೂ ಏರಿಸಬಹುದಿತ್ತು. ಒಂದು ಕಡೆ ಬಾಯಿಂದ ಮದ್ದು ತುಂಬೋ ನಾಡಬಂದೂಕು, ಇನ್ನೊಂದು ಕಡೆ ಬಿಡುವಿಲ್ಲದೆ ಐದು ಗುಂಡು. ಮೆಕ್ಯಾನಿಸಂ ಕ್ಲಾಸಿನಲ್ಲಿ ರಾಚೆಟ್ ಮತ್ತು ಪಾಲ್ ಬಗ್ಗೆ ಓದುವಾಗ ಇದನ್ನೂ ಹೇಳಿದ್ರೆ ಹಿಂದಿನ ಬೆಂಚಿನವರೂ ಎದ್ದು ಕೂರತಿದ್ರು.

ಆಮೇಲೆ ವೆಬ್ಲಿ ಬಂತು. 1887ರ ಮಾರ್ಕ್ 1ರಿಂದ 1915ರ ಮಾರ್ಕ್ 6ರವರೆಗೆ, .455 ಬೋರ್, ನಡು ಮುರಿದಂಗೆ ತೆರೆಯೋ ಫ್ರೇಮು. ತೆರೆದ ಕೂಡಲೇ ಖಾಲಿ ಕಾಡತೂಸು ಆರೂ ಒಟ್ಟಿಗೆ ಮೇಲಕ್ಕೆದ್ದು ಹೊರಗೆ. ಎರಡು ಮಹಾಯುದ್ಧಗಳಲ್ಲಿ ಇದು ಓಡಾಡಿದೆ. ಇವತ್ತು ಕಾನ್ಪುರದಲ್ಲಿ ಮಾಡೋ .32 ರಿವಾಲ್ವರ್ ಕೂಡ ವೆಬ್ಲಿ ಮನೆತನದ್ದೇ. ಸಂಗ್ರಹ ಮಾಡೋರಿಗೆ ಇದರ ಮೇಲೆ ಯಾಕೆ ಅಷ್ಟು ಜೀವ ಅನ್ನೋದು ನಮಗೂ ಅರ್ಥ ಆಗತೈತಿ. ಚಂದ ಇರೋ ಯಂತ್ರ ಚಂದನೇ.

ಹಂಗಾದ್ರೆ ಹಾರಿಸೋದರಲ್ಲಿ ತಪ್ಪೇನು? ನಮ್ಮ ಮೆಕ್ಯಾನಿಕಲ್ ಗೆಳೆಯರು ಜಗಳಕ್ಕೇ ಬರತಾರೆ: ಓಡದ ಎಂಜಿನ್ ಎಂಜಿನ್ ಅಲ್ಲ, ಗುಜರಿ, ಹಳೇ ಡೀಸೆಲ್ ಪಂಪನ್ನ ಚಾಲೂ ಮಾಡಿ ಹೆಮ್ಮೆ ಪಡೋ ನಾವು ರಿವಾಲ್ವರ್ ವಿಷಯಕ್ಕೆ ಯಾಕೆ ಹಿಂಜರೀಬೇಕು? ಈ ವಾದಕ್ಕೆ ತೂಕ ಐತಿ. ಆದರೆ ಡೀಸೆಲ್ ಪಂಪು ಕೆಟ್ಟರೆ ನಿಲ್ಲತದ. ರಿವಾಲ್ವರ್ ಕೆಟ್ಟರೆ ಸಿಡೀತದ, ಅದೂ ಮುಖದಿಂದ ಒಂದು ಮೊಳ ದೂರದಲ್ಲಿ.

ಥಿಕ್ ಸಿಲಿಂಡರ್ ಚಾಪ್ಟರನ್ನ ಪರೀಕ್ಷೆ ಮುಗಿದ ಮೇಲೆ ಒಮ್ಮೆ ತೆಗೀರಿ. ರಿವಾಲ್ವರಿನ ಪ್ರತಿ ಚೇಂಬರೂ ಒಂದು ಪ್ರೆಶರ್ ವೆಸಲ್. ಸಿಲಿಂಡರ್ ತಿರುಗಿ ಸರಿಯಾದ ಜಾಗದಲ್ಲಿ ನಿಲ್ಲೋಕೆ ಹೊರಮೈ ಮೇಲೆ ಕಚ್ಚು ಕೊರೆದಿರತಾರೆ. ಆರು ಗುಂಡಿನ ಬಹಳಷ್ಟು ರಿವಾಲ್ವರ್‌ಗಳಲ್ಲಿ ಆ ಕಚ್ಚು ಚೇಂಬರಿನ ನೆತ್ತಿ ಮೇಲೇ ಬರತದ. ಅಂದ್ರೆ ಹೂಪ್ ಸ್ಟ್ರೆಸ್ ತಡೀಬೇಕಾದ ಗೋಡೆ ಅಲ್ಲೇ ಅತಿ ತೆಳುವು. ನೂರು ವರ್ಷದ ತುಕ್ಕು, ಕಣ್ಣಿಗೆ ಕಾಣದ ಬಿರುಕು, ಯಾರೋ ಲೇತಿನ ಮೇಲೆ ಮಾಡಿದ ರಿಪೇರಿ, ಎಲ್ಲಾ ಅಲ್ಲೇ ಕೂಡತಾವು. ಮೇಲೆ ಪ್ರೂಫ್ ಮುದ್ರೆ ಐತಲ್ಲ ಅಂತೀರಿ. ಆ ಮುದ್ರೆ ಹೇಳೋದು ಅದು ಅಂದು ತಡೀತು ಅಂತ. ಇಂದಿನ ಗ್ಯಾರಂಟಿ ಅದರಲ್ಲಿಲ್ಲ.

ಅಮೆರಿಕದಲ್ಲಿ ನಡೆದದ್ದು ಪಾಠಕ್ಕೆ ಚಲೋ ಐತಿ. ಯುದ್ಧದ ನಂತರ ಸಾವಿರಾರು ವೆಬ್ಲಿಗಳು ಅಲ್ಲಿಗೆ ಹೋದವು. .455 ಕಾಡತೂಸು ಅಲ್ಲಿ ಸಿಗೋದು ಕಷ್ಟ. ವ್ಯಾಪಾರಿಗಳು ಸಿಲಿಂಡರಿನ ಹಿಂಬದಿ ತುಸು ಅರೆದು, ಎಲ್ಲಾ ಕಡೆ ಸಿಗೋ .45 ಎಸಿಪಿ ಕೂರುವಂಗೆ ಮಾಡಿ ಮಾರಿದ್ರು. ಕೂತಿತು, ಹಾರಿತು. ಆದರೆ .455ರ ಒತ್ತಡ ಸುಮಾರು 13,000 ಪಿಎಸ್ಐ; .45 ಎಸಿಪಿಗೆ ಅನುಮತಿ ಇರೋ ಗರಿಷ್ಠ ಒತ್ತಡ 21,000. ಅಳತೆಯಲ್ಲಿ ಹೊಂದೋದು ಬೇರೆ, ಒತ್ತಡಕ್ಕೆ ಹೊಂದೋದು ಬೇರೆ. ಇದನ್ನ ಎಂಜಿನಿಯರಿಂಗ್ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳತೀವಿ.

ಹಳೇ ಶಸ್ತ್ರವನ್ನ ಜವಾಬ್ದಾರಿಯಿಂದ ಹಾರಿಸೋ ಸಂಪ್ರದಾಯ ಜಗತ್ತಿನಲ್ಲಿ ಇಲ್ಲ ಅಂತಲ್ಲ. ಎಂಎಲ್‌ಎಐಸಿ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ 1971ರಿಂದ ಕರಿಮದ್ದಿನ ಬಂದೂಕುಗಳ ಪಂದ್ಯ ನಡೆಸತದ. ಅದರಲ್ಲಿ ರಿವಾಲ್ವರ್ ಸ್ಪರ್ಧೆ 25 ಮೀಟರ್ ದೂರಕ್ಕೆ. 30 ನಿಮಿಷದಲ್ಲಿ 13 ಗುಂಡು, ಒಳ್ಳೇವು 10 ಮಾತ್ರ ಲೆಕ್ಕಕ್ಕೆ. ಅಸಲಿಗೆ ಒಂದು ವರ್ಗ, ಹೊಸದಾಗಿ ಮಾಡಿದ ನಕಲಿಗೆ ಇನ್ನೊಂದು. ಒಂದು ಚೇಂಬರಿನ ಕಿಡಿ ಪಕ್ಕದ್ದಕ್ಕೂ ಹಾರಿ ಎಲ್ಲಾ ಒಟ್ಟಿಗೆ ಹೊತ್ತಬಾರದು ಅಂತ ಗುಂಡಿನ ಮುಂದೆ ಗ್ರೀಸ್ ಮೆತ್ತತಾರೆ, ಮುಗಿದ ಮೇಲೆ ಬಿಸಿನೀರು ಸೋಪು ಹಾಕಿ ತೊಳೀತಾರೆ, ಯಾಕಂದ್ರೆ ಕರಿಮದ್ದಿನ ಕಿಟ್ಟ ಗಾಳಿಯ ತೇವ ಎಳಕೊಂಡು ಉಕ್ಕು ತಿಂತದ. ಬ್ರಿಟನ್‌ನಲ್ಲಿ 1997ರಲ್ಲಿ ಕೈಬಂದೂಕು ನಿಷೇಧ ಆದಾಗಲೂ ಚಾರಿತ್ರಿಕ ಮಹತ್ವ ಇರೋವಕ್ಕೆ ಒಂದು ದಾರಿ ಬಿಟ್ರು: ಗೊತ್ತುಪಡಿಸಿದ ಜಾಗದಲ್ಲೇ ಇಡಬೇಕು, ಅಲ್ಲೇ ಹಾರಿಸಬೇಕು, ಮನೆಗೆ ಒಯ್ಯಂಗಿಲ್ಲ.

ನಮ್ಮ ಕಾನೂನು ಬೇರೆ. 1959ರ ಶಸ್ತ್ರ ಕಾಯ್ದೆಯ 45ನೇ ಕಲಂ ಹಳೇ ಮಾದರಿಯ, ಪುರಾತನ ಬೆಲೆಯ ಶಸ್ತ್ರಕ್ಕೆ ವಿನಾಯಿತಿ ಕೊಡತದ, ಆದರೆ ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ. ಅಂದ್ರೆ 'ಹಾರತೈತೇನು?' ಅನ್ನೋದಕ್ಕೆ 'ಹೌದು' ಅಂತ ಬಂತೋ, ಲೈಸೆನ್ಸಿನ ಪ್ರಶ್ನೆ ಶುರು. .455 ಕಾಡತೂಸು ಹಾರಿಸೋ ರಿವಾಲ್ವರ್ ನಿಷೇಧಿತ ಬೋರಿನ ಪಟ್ಟಿಯಲ್ಲಿ ಬರತದ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಾಮಾನ್ಯ ಅರ್ಜಿ ಕೊಟ್ಟು ಪಡೆಯೋದಲ್ಲ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕಿದ್ದ ಮಿತಿಯನ್ನ ಎರಡಕ್ಕೆ ಇಳಿಸಿತು, ಪಿತ್ರಾರ್ಜಿತವೂ ಆ ಎರಡರೊಳಗೇ. 2020ರಲ್ಲಿ ಗೃಹ ಸಚಿವಾಲಯ 'ಕ್ಯೂರಿಯೋ' ವರ್ಗದ ಸಣ್ಣ ಶಸ್ತ್ರಗಳನ್ನ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು ಅಂತು. ಬಳಸೋಕೆ, ಹೊತ್ತು ತಿರುಗೋಕೆ, ಸಾಗಿಸೋಕೆ ಮಾತ್ರ ಲೈಸೆನ್ಸ್ ಬೇಕೇ ಬೇಕು. ಯಾವುದು ಕ್ಯೂರಿಯೋ ಅನ್ನೋದನ್ನ ನಮ್ಮ ಸೋದರಮಾವ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡಂಗಿಲ್ಲ.

ಈ ಗೋಜಲು ನೋಡಿ ಹೆದರಿದವರು ಏನು ಮಾಡತಾರೆ? ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ವಿಲೀನ ಆದವು. ಸಂಸ್ಥಾನದ ಕಾಲದ್ದು, ಸೈನ್ಯಕ್ಕೆ ಹೋಗಿ ಬಂದ ಮುತ್ಯಾನದು ಅಂತ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟದ್ದು ಖಂಡೆಪೂಜೆಗೆ ಒಮ್ಮೆ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ. ಮುತ್ಯಾ ಹೋದ ಮೇಲೆ ಮಕ್ಕಳಿಗೆ ದಿಗಿಲು: ಠಾಣೆಗೆ ಹೋದ್ರೆ ಕೇಸು, ಇಟ್ಟುಕೊಂಡ್ರೂ ಕೇಸು. ಕಡೆಗೆ ಗುಜರಿಗೋ ಹೊಳೆಗೋ. ಹೊಳೆಗೆ ಬಿದ್ದರೆ ಇತಿಹಾಸ ಹೋಯ್ತು. ಟ್ರಂಕಿನಲ್ಲೇ ಉಳಿದರೆ, ಚೇಂಬರಿನಲ್ಲಿ ಹಳೇ ಕಾಡತೂಸು ಕೂತಿದ್ದರೆ, ರಜೆಗೆ ಬಂದ ಹುಡುಗನ ಕೈಗೆ ಸಿಕ್ಕರೆ, ಜೀವ ಹೋಗತದ.

ಅದಕ್ಕೇ ನಾವು ಕೇಳೋದು ಎರಡು. ಜಿಲ್ಲಾಡಳಿತ ಒಂದಿಷ್ಟು ದಿನ ಗೊತ್ತುಮಾಡಿ, ಹಳೇ ಶಸ್ತ್ರ ತಾವಾಗೇ ತೋರಿಸೋ ಮನೆಯವರನ್ನ ಕಳ್ಳರಂಗೆ ನೋಡದೆ ದಾಖಲೆ ಮಾಡಿಕೊಳ್ಳಲಿ. ಕಾನೂನಿಗೆ ಹೊಂದದ್ದನ್ನ ತಗೊಂಡು ನಿಷ್ಕ್ರಿಯ ಮಾಡಿ, ಜಮಖಂಡಿಯಲ್ಲೋ ಮುಧೋಳದಲ್ಲೋ ಗಾಜಿನ ಕಪಾಟಿನಲ್ಲಿ, ಕೊಟ್ಟ ಮನೆತನದ ಹೆಸರು ಬರೆದು ಇಡಲಿ. ಹಲಗಲಿಯಲ್ಲಿ ಹತಾರ ಕೇಳಿದ ರೀತಿಗೂ ಇದಕ್ಕೂ ಅಷ್ಟಾದರೂ ಫರಕು ಇರಬೇಕು. ಎರಡನೇದು ನಮ್ಮ ಕಾಲೇಜುಗಳಿಗೆ. ಡೈ ಪೆನಿಟ್ರಂಟ್, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯನ್ನ ಪ್ರತಿವರ್ಷ ಅದೇ ವೆಲ್ಡ್ ತುಂಡಿನ ಮೇಲೆ ಮಾಡಿ ರೆಕಾರ್ಡ್ ಬರೀತೀವಲ್ಲ. ಪೊಲೀಸರ ಒಪ್ಪಿಗೆ ಪಡೆದು, ಅವರ ಎದುರಿಗೇ, ನೂರು ವರ್ಷದ ಸಿಲಿಂಡರ್ ಒಂದರ ಬಿರುಕು ಹುಡುಕೋ ಪ್ರಾಜೆಕ್ಟ್ ಯಾಕೆ ಆಗಬಾರದು? ಗುರಿ ಇಟ್ಟು ಹೊಡೆಯೋ ಆಸೆ ಇದ್ದವರು ರೈಫಲ್ ಕ್ಲಬ್ಬಿಗೆ ಸೇರಿ ಏರ್ ಪಿಸ್ತೂಲಿನಿಂದ ಶುರು ಮಾಡ್ರಿ. ಆ 10 ಮೀಟರ್‌ನಲ್ಲೇ ಕೈ ಎಷ್ಟು ನಡುಗತದ ಅಂತ ಗೊತ್ತಾಗತದ.

ಅಲ್ಲಿಯವರೆಗೆ, ಮನೆಯಲ್ಲಿ ಅಂಥದ್ದು ಕಂಡರೆ ಟ್ರಿಗರ್ ಮುಟ್ಟಬ್ಯಾಡ್ರಿ, ನಳಿಗೆ ಯಾರ ಕಡೆಗೂ ತಿರುಗಿಸಬ್ಯಾಡ್ರಿ, ತುಕ್ಕು ಹಿಡಿದ ಕಾಡತೂಸನ್ನ ಸ್ಕ್ರೂಡ್ರೈವರ್ ಹಾಕಿ ಕೀಳಬ್ಯಾಡ್ರಿ. ಇದ್ದಲ್ಲೇ ಬಿಟ್ಟು, ಕೋಣೆಗೆ ಚಿಲಕ ಹಾಕಿ, ಹಿರಿಯರನ್ನ ಕರ್ಕೊಂಡು ಠಾಣೆಗೆ ಹೋಗ್ರಿ.