ಕಾಯುವವರ ಮನೆಯ ಮುಂದೆ

ಕೆಟ್ಟ ಸುದ್ದಿಯನ್ನು ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಸುದ್ದಿಯೇ ಇಲ್ಲದಿರುವುದನ್ನು ಸಹಿಸುವುದು ಬಹಳ ಕಷ್ಟ. ಸಾವಿನ ಮನೆಯಲ್ಲಿ ಅಳುವಿದೆ, ಕಫನ್ ಇದೆ, ದಫನವಿದೆ, ಸಾಂತ್ವನ ಹೇಳಲು ಬರುವ ನೆಂಟರಿದ್ದಾರೆ. ಕೆಲವು ದಿನಗಳ ನಂತರ ಒಲೆ ಹಚ್ಚಲೇಬೇಕಾಗುತ್ತದೆ. ಆದರೆ ಕಾಣೆಯಾದವರ ಮನೆಯಲ್ಲಿ ಏನು ಮಾಡಬೇಕು? ಅತ್ತರೆ, ಬದುಕಿರುವವರನ್ನು ಸಾಯಿಸಿದಂತಾಗುತ್ತದೆ ಎಂಬ ಭಯ. ಅಳದಿದ್ದರೆ ಎದೆ ಒಡೆಯುತ್ತದೆ.

2014ರ ಮಾರ್ಚ್ 8ರಂದು ನೂರಾರು ಮನೆಗಳಿಗೆ ಈ ಸ್ಥಿತಿ ಒಟ್ಟಿಗೇ ಬಂತು. ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಯೊಳಗೆ ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನದಲ್ಲಿ 227 ಪ್ರಯಾಣಿಕರು ಹಾಗೂ 12 ಸಿಬ್ಬಂದಿ ಇದ್ದರು. ಹೆಚ್ಚಿನವರು ಚೀನಾದವರು. ಐವರು ಭಾರತೀಯರೂ ಇದ್ದರು. ಹೊರಟು ಸುಮಾರು 40 ನಿಮಿಷಗಳಲ್ಲಿ ವಿಮಾನ ನಾಗರಿಕ ರಾಡಾರ್‌ನಿಂದ ಮರೆಯಾಯಿತು. ಮೊದಲ ವಾರವೆಲ್ಲ ದಕ್ಷಿಣ ಚೀನಾ ಸಮುದ್ರದಲ್ಲಿ ಹುಡುಕಿದರು. ವಿಮಾನ ಪಶ್ಚಿಮಕ್ಕೆ ತಿರುಗಿತ್ತೆಂದು ಮಿಲಿಟರಿ ರಾಡಾರ್ ಹೇಳಿತು. ಬೆಳಿಗ್ಗೆ ಎಂಟು ಗಂಟೆ ದಾಟುವವರೆಗೂ ಅದರ ಸಂಕೇತ ಉಪಗ್ರಹಕ್ಕೆ ತಲುಪುತ್ತಿತ್ತೆಂದು ನಂತರ ತಿಳಿಯಿತು. ಅದು ಹೋದದ್ದು ಹಿಂದೂ ಮಹಾಸಾಗರದ ದಕ್ಷಿಣದ ಕಡೆಗೆ.

ಆ ದಿನಗಳಲ್ಲಿ ಜಗತ್ತು ನಡೆದುಕೊಂಡ ರೀತಿಯಲ್ಲಿ ನಮಗೆಲ್ಲರಿಗೂ ಪಾಠವಿದೆ. ಒಳ್ಳೆಯದನ್ನು ಮೊದಲು ಹೇಳಬೇಕು. 26 ದೇಶಗಳು ಹುಡುಕಾಟಕ್ಕೆ ಕೈಜೋಡಿಸಿದವು. ಪರಸ್ಪರ ಅಪನಂಬಿಕೆಯುಳ್ಳ ದೇಶಗಳೂ ಅವುಗಳಲ್ಲಿದ್ದವು. ಹತ್ತಾರು ಲಕ್ಷ ಮಂದಿ ತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಉಪಗ್ರಹ ಚಿತ್ರಗಳಲ್ಲಿ ಸಮುದ್ರದ ತುಣುಕುಗಳನ್ನು ಪರೀಕ್ಷಿಸಿದರು. ಕೌಲಾಲಂಪುರದ ವಿಮಾನ ನಿಲ್ದಾಣದ ಗೋಡೆಗಳು ಪ್ರಾರ್ಥನೆಯ ಚೀಟಿಗಳಿಂದ ತುಂಬಿದವು. ಹೆಸರು ಗೊತ್ತಿಲ್ಲದವರಿಗಾಗಿ ಎಲ್ಲ ಧರ್ಮದವರೂ ಪ್ರಾರ್ಥಿಸಿದರು.

ಇನ್ನೊಂದು ಮುಖವೂ ಇದೆ. ಇಬ್ಬರು ಪ್ರಯಾಣಿಕರು ಕದ್ದ ಪಾಸ್‌ಪೋರ್ಟ್ ಬಳಸಿದ್ದರೆಂದು ತಿಳಿದಾಗ ಜಗತ್ತಿನಾದ್ಯಂತ 'ಭಯೋತ್ಪಾದನೆ' ಎಂಬ ಮಾತು ಎದ್ದಿತು. ಅವರು ಇರಾನಿನ ಯುವಕರೆಂದು ಗೊತ್ತಾದ ಮೇಲೆ ಹಲವರ ಮನಸ್ಸಿನಲ್ಲಿ ತೀರ್ಪೇ ಆಗಿಹೋಯಿತು. ಕೆಲವೇ ದಿನಗಳಲ್ಲಿ ಪೊಲೀಸರು ಬೇರೆಯೇ ಸಂಗತಿ ಹೇಳಿದರು. ಅವರು ಯುರೋಪಿನಲ್ಲಿ ಆಶ್ರಯ ಬಯಸಿ ಹೊರಟವರು. ಅವರಲ್ಲಿ ಒಬ್ಬ ಹದಿಹರೆಯದವನು. ಜರ್ಮನಿಯಲ್ಲಿ ತಾಯಿ ಅವನಿಗಾಗಿ ಕಾಯುತ್ತಿದ್ದಳು. ಮಗ ಬರಲಿಲ್ಲ, ಬಂದದ್ದು ಮಗನ ಮೇಲಿನ ಆರೋಪ. ಆರೋಪ ಹೊರಿಸಿದ ಎಷ್ಟು ಮಂದಿ ಆ ತಾಯಿಯ ಕ್ಷಮೆ ಕೇಳಿರಬಹುದು?

ಬಳಿಕ ಸಂಶಯ ಪೈಲಟ್‌ನ ಮನೆಗೆ ತಿರುಗಿತು. ಅವರ ರಾಜಕೀಯ ಒಲವು, ಸಂಸಾರ, ಮನೆಯಲ್ಲಿದ್ದ ಹಾರಾಟದ ಸಿಮ್ಯುಲೇಟರ್ ಎಲ್ಲವೂ ಚರ್ಚೆಗೆ ಬಂದವು. ತನಿಖಾಧಿಕಾರಿಗಳು ಎಲ್ಲವನ್ನೂ ಪರಿಶೀಲಿಸಬೇಕು, ಅದು ಅವರ ಕರ್ತವ್ಯ. ಆದರೆ ಚಹಾ ಅಂಗಡಿಯಲ್ಲಿ ಕುಳಿತವನು ತೀರ್ಪು ನೀಡುವುದು ಯಾವ ಕರ್ತವ್ಯ? ವಿಮಾನವನ್ನು ಕೈಯಿಂದಲೇ ತಿರುಗಿಸಿರುವ ಸಾಧ್ಯತೆ ಇದೆ, ಆದರೆ ತಿರುಗಿಸಿದವರು ಯಾರೆಂದು ನಿರ್ಧರಿಸಲಾಗದು ಎಂಬುದೇ 2018ರ ಜುಲೈಯಲ್ಲಿ ಬಂದ ಮಲೇಷ್ಯಾದ ತನಿಖಾ ವರದಿಯ ಸಾರ.

ಕುತೂಹಲವೂ ಎಲ್ಲೆ ಮೀರಿತು. ವಿಮಾನ ನಿಲ್ದಾಣದಲ್ಲಿ ಒಬ್ಬ ಮಾಂತ್ರಿಕ ತೆಂಗಿನಕಾಯಿ ಮತ್ತು ಬಿದಿರಿನ ದುರ್ಬೀನು ಹಿಡಿದು ವಿಮಾನ ಹುಡುಕಲು ನಿಂತ. ಮಲೇಷ್ಯಾದ ಧಾರ್ಮಿಕ ಅಧಿಕಾರಿಗಳೇ ಅದನ್ನು ಖಂಡಿಸಿದರು. ಜನ ಅವನನ್ನು ನೋಡಿ ನಕ್ಕರು. ಅಮೆರಿಕದ ಹೆಸರಾಂತ ಚಾನೆಲೊಂದರಲ್ಲಿ, ಬಾಹ್ಯಾಕಾಶದ ಕಪ್ಪುರಂಧ್ರ ವಿಮಾನವನ್ನು ನುಂಗಿರಬಹುದೇ ಎಂಬ ಪ್ರಶ್ನೆಯನ್ನೂ ಕೇಳಲಾಯಿತು. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ?

ಇದನ್ನೆಲ್ಲ ಬೀಜಿಂಗಿನ ಹೋಟೆಲೊಂದರಲ್ಲಿ ಕಾಯುತ್ತಿದ್ದ ತಾಯಂದಿರು, ಪತ್ನಿಯರು ಕೇಳುತ್ತಿದ್ದರು. ಮೊದಲ ದಿನಗಳಲ್ಲಿ ಕೆಲವರು ತಮ್ಮವರ ಮೊಬೈಲ್‌ಗೆ ಕರೆ ಮಾಡಿದಾಗ ರಿಂಗಣ ಕೇಳಿಸಿತಂತೆ. ಜಾಲ ಫೋನನ್ನು ಹುಡುಕುತ್ತಿರುವಾಗಲೂ ಹಾಗೆ ಕೇಳಿಸಬಹುದು ಎಂದು ತಜ್ಞರು ವಿವರಿಸಿದರು. ಆ ಸದ್ದಿಗೆ ಜೋತುಬಿದ್ದ ಹೃದಯಕ್ಕೆ ಆ ವಿವರಣೆಯಿಂದೇನು? ಮಾರ್ಚ್ 24ರಂದು, ಯಾರೂ ಬದುಕುಳಿದಿಲ್ಲವೆಂಬ ಮಾತು ಹಲವು ಕುಟುಂಬಗಳಿಗೆ ಮೊಬೈಲ್ ಸಂದೇಶದ ಮೂಲಕ ತಲುಪಿತು. ಸಾವಿನ ಸುದ್ದಿ ತಿಳಿಸುವುದಕ್ಕೂ ಒಂದು ಮರ್ಯಾದೆ ಇದೆ.

ನಮ್ಮ ಕರಾವಳಿಯ ಸಹೋದರಿಯರಿಗೆ ಇದು ದೂರದ ಕಥೆಯಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾದಾಗಲೂ ಅಪಹರಣದ ಊಹೆಗಳು ಹಬ್ಬಿದ್ದವು. ಮನೆಯವರಿಗೆ ಆ ಊಹೆಯೂ ಒಂದು ಆಸರೆಯಾಗಿತ್ತು. ಅಪಹರಣವಾದರೆ ಜೀವವಾದರೂ ಇರುತ್ತದಲ್ಲ! 2019ರ ಮೇಯಲ್ಲಿ ಮಹಾರಾಷ್ಟ್ರದ ಮಾಲ್ವಣ್ ಸಮೀಪ ಸಮುದ್ರದ ತಳದಲ್ಲಿ ನೌಕಾಪಡೆ ದೋಣಿಯ ಅವಶೇಷ ಪತ್ತೆಹಚ್ಚಿತು.

ಕಾಯುವಿಕೆಯ ಈ ನೋವನ್ನು ನಮ್ಮ ಫಿಕ್ಹ್ ಗ್ರಂಥಗಳು ಮರೆತಿಲ್ಲ. ಕಾಣೆಯಾದವನನ್ನು 'ಮಫ್ಕೂದ್' ಎಂದು ಕರೆದು ಅವನ ಪತ್ನಿ, ಆಸ್ತಿಗಳ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನೇ ಇರಿಸಿವೆ. ಹನಫಿ ಅಭಿಪ್ರಾಯದಂತೆ ಪತ್ನಿಯ ಕಾಯುವಿಕೆ ಬಹಳ ದೀರ್ಘವಾಗಿತ್ತು. ಮಾಲಿಕಿ ಮದ್‌ಹಬ್‌ನಲ್ಲಿ ನಾಲ್ಕು ವರ್ಷಗಳ ಅವಧಿ ಇದೆ. 1930ರ ದಶಕದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹೆಣ್ಣುಮಕ್ಕಳ ಸಂಕಷ್ಟ ಕಂಡು ಮಾಲಿಕಿ ಅಭಿಪ್ರಾಯವನ್ನು ಸ್ವೀಕರಿಸಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯ್ದೆಯಲ್ಲೂ ಅದು ಸೇರಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಪತ್ನಿ ನ್ಯಾಯಾಲಯಕ್ಕೆ ಹೋಗಬಹುದು. ತೀರ್ಪು ಬಂದ ಮೇಲೂ ಆರು ತಿಂಗಳು ಅದು ಜಾರಿಗೆ ಬರುವುದಿಲ್ಲ. ಅಷ್ಟರಲ್ಲಿ ಗಂಡ ಮರಳಿ ಬಂದು ದಾಂಪತ್ಯ ನಡೆಸಲು ಸಿದ್ಧನಾದರೆ ತೀರ್ಪು ರದ್ದಾಗುತ್ತದೆ. ಕಾನೂನು ಕೂಡ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಕಾಯುತ್ತದೆ ಎಂಬುದು ಗಮನಾರ್ಹ.

2015ರ ಜುಲೈಯಲ್ಲಿ ರಿಯೂನಿಯನ್ ದ್ವೀಪದ ದಡದಲ್ಲಿ ರೆಕ್ಕೆಯ ಒಂದು ಭಾಗ ಸಿಕ್ಕಿತು. 1,20,000 ಚದರ ಕಿಲೋಮೀಟರ್ ಸಮುದ್ರತಳ ಶೋಧಿಸಿ 2017ರ ಜನವರಿಯಲ್ಲಿ ಹುಡುಕಾಟ ನಿಲ್ಲಿಸಿದರು. 2018ರಲ್ಲಿ, ಮತ್ತೆ 2025ರಲ್ಲಿ ಖಾಸಗಿ ಕಂಪೆನಿಯೊಂದು ಹುಡುಕಾಟಕ್ಕೆ ಇಳಿಯಿತು. ಜಗತ್ತು ಬೇರೆ ಸುದ್ದಿಗಳತ್ತ ಸರಿದು ವರ್ಷಗಳಾದವು. ಕುಟುಂಬಗಳು ಅಲ್ಲೇ ನಿಂತಿವೆ.

ಸಿಕ್ಕ ಸುದ್ದಿಯನ್ನು ಪರಿಶೀಲಿಸಬೇಕು, ಗುಮಾನಿಯಿಂದ ದೂರವಿರಬೇಕು ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಇಂದು ಗುಮಾನಿ ಹರಡಲು ನಾಲಿಗೆಯೂ ಬೇಕಿಲ್ಲ, ಹೆಬ್ಬೆರಳು ಸಾಕು. ಮುಂದಿನ ಸಲ ಇಂತಹ ಸುದ್ದಿಯೊಂದು ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದಾಗ, ಇದನ್ನು ಕಾಯುತ್ತಿರುವ ಆ ತಾಯಿಯ ಎದುರು ಕುಳಿತು ಓದಿ ಹೇಳಲು ನನಗೆ ಧೈರ್ಯವಿದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅಲ್ಲೇ ಅಳಿಸಿಬಿಡಿ. ನಿಮ್ಮ ಊರಿನಲ್ಲೇ ಅಂಥ ಮನೆಯೊಂದಿದ್ದರೆ ಊಹೆಗಳನ್ನು ಹೊತ್ತು ಹೋಗಬೇಡಿ. ಒಂದು ಪಾತ್ರೆ ಗಂಜಿ ಒಯ್ಯಿರಿ. ಮಕ್ಕಳನ್ನು ಶಾಲೆಗೆ ಕಳುಹಿಸಿಕೊಡಿ. ಅವಳು ಮಾತಾಡಿದರೆ ಕೇಳಿಸಿಕೊಳ್ಳಿ. ವರ್ಷ ಕಳೆದ ಮೇಲೂ ಹೋಗಿ. ಆಗ ಅಲ್ಲಿಗೆ ಬೇರೆ ಯಾರೂ ಬರುತ್ತಿರುವುದಿಲ್ಲ.