ಕೊಪಣಾಚಲ: ಉಪಮೆಯೋ, ಹಕ್ಕುಪತ್ರವೋ?

ಕೊಡದುದನ್ನು ಕೊಳ್ಳುವುದು ಅದತ್ತಾದಾನ, ಅದು ಕಳವು. ಈ ಅಣುವ್ರತವನ್ನು ನಾವು ಹೊನ್ನು, ಧಾನ್ಯ, ಭೂಮಿಗಳಿಗೆ ಅನ್ವಯಿಸುತ್ತೇವೆ. ಕವಿಯು ಕೊಡದ ಅರ್ಥವನ್ನು ಅವನ ಪದ್ಯದಿಂದ ಕಿತ್ತುಕೊಳ್ಳುವುದಕ್ಕೆ ಏನೆನ್ನಬೇಕು?

ಈಚೆಗೆ ಮುನಿರಾಬಾದಿನಲ್ಲಿ ನಮ್ಮವರೇ ಸೇರಿದ್ದ ಒಂದು ಕೂಟದಲ್ಲಿ ಭಾಷಣಕಾರರೊಬ್ಬರು ರನ್ನನ ಅಜಿತಪುರಾಣದ (ಕ್ರಿ.ಶ. ೯೯೩) ಪದ್ಯವೊಂದನ್ನು ಸೊಗಸಾಗಿ ಹಾಡಿದರು. ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತವನ್ನು ಬಿಳಿಯ ಅರಳೆಗೆ, ಗಂಗಾಜಲಕ್ಕೆ, ಅಜಿತಸೇನ ಮುನಿಗಳ ಗುಣಗಳಿಗೆ, ಕೊನೆಗೆ ಕೊಪಣಾಚಲಕ್ಕೆ ಹೋಲಿಸುವ ಪದ್ಯವದು. ಅದರಿಂದ ಅವರು ತೆಗೆದ ಅರ್ಥ ಒಂದೇ: "ಕೊಪ್ಪಳದ ಬೆಟ್ಟ ನಮ್ಮದೆಂಬುದಕ್ಕೆ ರನ್ನನೇ ಸಾಕ್ಷಿ." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅದರ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು.

'ಕೊಪಣಾಚಲವೆಂದರೆ ಒಂದು ಬೆಟ್ಟ' ಎಂದಷ್ಟೇ ಬರೆದು ಮುಂದೆ ಸಾಗುವ ಟಿಪ್ಪಣಿಕಾರರನ್ನು ನಾನು ಸಮರ್ಥಿಸುತ್ತಿಲ್ಲ. ದೇಶ-ಕಾಲಗಳನ್ನರಿಯದೆ ಉಪಮೆ ಬಾಯಿಬಿಡದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಲ್ಲಿ ಕೊಪಣವನ್ನು ಮಹಾನಗರವೆಂದಿದೆ. ಕೊಪ್ಪಳದ ಬೆಟ್ಟದಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂದು ಶಾಸನವೊಂದು ತಿಳಿಸುತ್ತದೆ. ಸಲ್ಲೇಖನವನ್ನು ಕೈಗೊಂಡು ದೇಹದ ಮಮತೆಯನ್ನೂ ನೀಗಿದವರ ನೆಲೆಯದು. ರನ್ನನ ಕಾಲದ ಓದುಗನಿಗೆ ಕೊಪಣವೆಂದೊಡನೆ ನೆನಪಾಗುತ್ತಿದ್ದುದು ತ್ಯಾಗ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯನ್ನು ಕವಿಯು ಅಂತಹ ಬೆಟ್ಟದ ಪಕ್ಕದಲ್ಲಿ ನಿಲ್ಲಿಸಿದನು. ಕೊಟ್ಟವಳಿಗೆ ಬಿಟ್ಟವರ ಬೆಟ್ಟವೇ ಸರಿಯಾದ ಉಪಮಾನ. ಆ ಬೆಟ್ಟವನ್ನು ಹಿಡಿದುಕೊಳ್ಳಲು ಆ ಪದ್ಯವನ್ನೇ ಹಗ್ಗ ಮಾಡಿಕೊಂಡ ನಾವು ಯಾರ ವಾರಸುದಾರರು?

"ಹಾಗಾದರೆ ನಮ್ಮ ಇತಿಹಾಸವನ್ನು ಹೇಳಲೇಬಾರದೆ?" ಎಂದು ಕೇಳುವವರುಂಟು. ಹೇಳಲೇಬೇಕು, ಆದರೆ ಪೂರ್ತಿಯಾಗಿ ಹೇಳಬೇಕು. ಅದೇ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ರನ್ನನಿಗಿಂತ ಸಾವಿರದ ಇನ್ನೂರು ವರ್ಷ ಹಿಂದಿನ ಅಶೋಕನ ಶಾಸನಗಳಿವೆ. ಇಂದು ಅಲ್ಲಿ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಭಕ್ತರು ಸೇರುತ್ತಾರೆ. ರನ್ನನ ಪದ್ಯವು ಹತ್ತನೆಯ ಶತಮಾನದ ಜೈನರ ಭಕ್ತಿಗೆ ಸಾಕ್ಷಿ. ಅದಕ್ಕೆ ಹಿಂದಿನದನ್ನೋ ಮುಂದಿನದನ್ನೋ ಅಳಿಸಿಹಾಕುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಅನೇಕಾಂತವನ್ನು ಲೋಕಕ್ಕೆ ಬೋಧಿಸುವವರು ಬೆಟ್ಟದ ಒಂದೇ ಮುಖವನ್ನು ಕಂಡು ಮಾತನಾಡಿದರೆ ಕೇಳಿದವರು ನಗುವುದಿಲ್ಲವೆ?

ನಿಜವಾದ ಅಭಿಮಾನವಿದ್ದಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಬಂಡೆಯ ಅಕ್ಷರಗಳಿಗೆ ಸುಣ್ಣ-ಬಣ್ಣ ಬೀಳದಂತೆ ಕಾಯೋಣ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಪದ್ಯವನ್ನೂ ಶಾಸನವನ್ನೂ ಒಟ್ಟಿಗೆ ಓದಿಸೋಣ. ಅತ್ತಿಮಬ್ಬೆಯ ನೆನಪಿಗಾಗಿ ಒಂದಾದರೂ ಹಳೆಯ ಗ್ರಂಥವನ್ನು ಅಚ್ಚು ಹಾಕಿಸಿ ಹಂಚೋಣ. ಪದ್ಯದ ಅರ್ಥ ಆಗ ತಾನಾಗಿ ಹೊಳೆಯುತ್ತದೆ.

ಮುಂದಿನ ಸಭೆಯಲ್ಲಿ ಯಾರಾದರೂ ಆ ಪದ್ಯವನ್ನು ಹಾಡಿ ಬೆಟ್ಟ ಯಾರದೆಂದು ಕೇಳಿದರೆ ಉತ್ತರಿಸಲು ನಾನೀಗ ಸಿದ್ಧನಿದ್ದೇನೆ: ತಮ್ಮದೆಂಬುದೆಲ್ಲವನ್ನೂ ಬಿಟ್ಟವರದು.